ಸಮುವೇಲ ಅಂದರೆ ‘ಕೇಳಿ ಪಡೆದವನು’ ಅಲ್ವಾ? ಬೈಬಲಿನ ಹೀಬ್ರೂ ಹೆಸರುಗಳ ಬಗ್ಗೆ ಒಂದು ಪ್ರಶ್ನೆ

ಹುಬ್ಬಳ್ಳಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಮದುವೆಯಾಗಿ 11 ವರ್ಷಕ್ಕೆ ಮೊನ್ನೆ ಗಂಡು ಮಗು ಹುಟ್ಟಿದೆ. ಬಾಣಂತಿ, ಕೂಸು ಇಬ್ಬರೂ ಆರಾಮಾಗಿದ್ದಾರೆ.

ಈ 11 ವರ್ಷವೂ ನಮ್ಮ ಅವ್ವ 1 ಸಮುವೇಲ ಪುಸ್ತಕದ ಮೊದಲ ಅಧ್ಯಾಯ ಓದುತ್ತಲೇ ಇದ್ದಳು. ಅವಳ ಬೈಬಲಿನಲ್ಲಿ ಆ ಒಂದು ಹಾಳೆಯ ಅಂಚು ಸವೆದು ಹೋಗಿದೆ. ಹನ್ನ ಎಂಬ ಹೆಂಗಸು ಅತ್ತು ಬೇಡಿಕೊಂಡು ಮಗನನ್ನು ಪಡೆದ ಕಥೆ ಅದು. ಹಾಗಾಗಿ ಕೂಸು ಹುಟ್ಟುವ ಮೊದಲೇ ಹೆಸರು ಸಮುವೇಲ ಅಂತ ಅವ್ವ ಗಟ್ಟಿ ಮಾಡಿದ್ದಳು.

ತಂಗಿಯ ಗಂಡ ಸುಮ್ನೆ ಫೋನಿನಲ್ಲಿ ಅರ್ಥ ಹುಡುಕಿದರು. ಒಂದು ಕಡೆ ‘ಕೇಳಿ ಪಡೆದವನು’ ಅಂತಿದೆ. ಇನ್ನೊಂದು ಕಡೆ ‘ದೇವರು ಕಿವಿಗೊಟ್ಟನು’. ಮತ್ತೊಂದು ಕಡೆ ‘ದೇವರ ಹೆಸರು’, ಮೊದಲನೆಯದು ತಪ್ಪು ಅಂತಲೂ ಬರೆದಿದ್ದಾರೆ. ಅವ್ವನಿಗೆ ಬಹಳ ಬೇಜಾರಾಗಿದೆ. “ಬೈಬಲ್‌ನಾಗೇ ಐತಲ್ಲ, ಅದು ಹೆಂಗ ತಪ್ಪಾಗ್ತದ?” ಅಂತ ಕೇಳುತ್ತಿದ್ದಾಳೆ. ಹೀಬ್ರೂ ಗೊತ್ತಿರುವವರು ದಯವಿಟ್ಟು ಹೇಳಿ. ಮುಂದಿನ ತಿಂಗಳು ಹೆಸರಿಡಬೇಕು.

ಕಾಪಿ ತೋಟ

ಅಭಿನಂದನೆ ಅಕ್ಕ! ಹೀಬ್ರೂ ನನಗೆ ಗೊತ್ತಿಲ್ಲ. ಆದರೆ ಈ ಹೆಸರಿನ ಪಟ್ಟಿಗಳು ಒಬ್ಬರದನ್ನು ಒಬ್ಬರು ನೋಡಿ ಬರೆದವು. ನನ್ನ ಮಗಳಿಗೆ ಹೆಸರು ಹುಡುಕುವಾಗ ‘ಮರಿಯ’ ಎಂಬ ಒಂದೇ ಹೆಸರಿಗೆ ಕಹಿ, ಪ್ರಿಯೆ, ಹಟಮಾರಿ ಅಂತ ಮೂರು ಅರ್ಥ ಸಿಕ್ಕವು. ಮೇಷ್ಟ್ರು ಬರಲಿ, ಅವರಿಗೆ ಗೊತ್ತಿರುತ್ತದೆ.

ನಿವೃತ್ತ ಮೇಷ್ಟ್ರು

ಬಂದೆ. ಸೆಮಿನರಿಯಲ್ಲಿದ್ದಾಗ ಹೀಬ್ರೂ ಕಲಿತಿದ್ದೆ. ಆಮೇಲೆ ಶಾಲೆಯಲ್ಲಿ ಕನ್ನಡ ಪಾಠ ಮಾಡಿದೆ. ಹೀಬ್ರೂ ಇವತ್ತಿಗೂ ಬಿಟ್ಟಿಲ್ಲ.

ಅಕ್ಕ, ಮೊದಲು ನಿಮ್ಮ ಅವ್ವನಿಗೆ ಹೇಳಿ, ಅವರು ಓದಿದ್ದು ತಪ್ಪಲ್ಲ. ಆದರೆ ಆ ವಾಕ್ಯ ಏನು ಹೇಳುತ್ತಿದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಹೀಬ್ರೂ ಪದಗಳಿಗೆ ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಬೇರು ಇರುತ್ತದೆ. ಸ್ವರಗಳು ಬದಲಾಗುತ್ತವೆ, ಬೇರು ಬದಲಾಗುವುದಿಲ್ಲ. ‘ಬೇಡು, ಕೇಳು’ ಅನ್ನುವುದರ ಬೇರು ಶೀನ್, ಆಲೆಫ್, ಲಾಮೆದ್. ‘ಶಾಅಲ್’ ಅಂದರೆ ಬೇಡಿದನು. ‘ಕಿವಿಗೊಟ್ಟು ಕೇಳು’ ಅನ್ನುವುದರ ಬೇರು ಶೀನ್, ಮೇಮ್, ಆಯಿನ್. ‘ಶಾಮಾ’ ಅಂದರೆ ಕಿವಿಗೊಟ್ಟನು. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಅಂತಲೇ ಅನ್ನುತ್ತೇವೆ, ಅದಕ್ಕೆ ನಮಗೆ ಗೊಂದಲ ಜಾಸ್ತಿ.

ಈಗ ಹೆಸರು ನೋಡಿ. ಹೀಬ್ರೂವಿನಲ್ಲಿ ಅದು ‘ಶ್ಮುಏಲ್’. ಅಕ್ಷರಗಳು ಶೀನ್, ಮೇಮ್, ವಾವ್, ಆಲೆಫ್, ಲಾಮೆದ್. ‘ಕಿವಿಗೊಟ್ಟನು’ ಅನ್ನಬೇಕಾದರೆ ಆಯಿನ್ ಬೇಕು, ಇಲ್ಲಿ ಅದಿಲ್ಲ. ‘ಬೇಡಿದನು’ ಅನ್ನಬೇಕಾದರೆ ನಡುವೆ ಮೇಮ್ ಯಾಕೆ ಬಂತು? ಅದಕ್ಕೂ ಉತ್ತರವಿಲ್ಲ. ವ್ಯಾಕರಣಕ್ಕೆ ಸರಿಯಾಗಿ ಕೂರುವುದು ‘ಶೆಮ್’ ಮತ್ತು ‘ಏಲ್’. ಶೆಮ್ ಅಂದರೆ ಹೆಸರು, ಏಲ್ ಅಂದರೆ ದೇವರು. ‘ದೇವರ ಹೆಸರು’ ಅಥವಾ ‘ಅವನ ಹೆಸರು ಏಲ್’ ಅಂತ ಪಂಡಿತರು ಹೇಳುವುದು ಇದಕ್ಕೇ.

ಆದರೆ ಹನ್ನ ಏನು ಹೇಳಿದಳು? 1:20ರಲ್ಲಿ ‘ಯೆಹೋವನಿಂದ ಇವನನ್ನು ಬೇಡಿ ಪಡೆದೆ’ ಅನ್ನುತ್ತಾಳೆ. ಆ ಕಥೆಯಲ್ಲಿ ಶಾಅಲ್ ಎಂಬ ಬೇರು ಮತ್ತೆ ಮತ್ತೆ ಬರುತ್ತದೆ. 27 ಮತ್ತು 28ನೇ ವಚನಗಳಲ್ಲಂತೂ ಅದರ ಸುರಿಮಳೆ. 28ರಲ್ಲಿ ‘ಹೂ ಶಾಊಲ್’ ಅಂತ ಬರುತ್ತದೆ. ‘ಇವನು ಯೆಹೋವನಿಗೆ ಕೊಟ್ಟವನು’ ಎಂಬ ಅರ್ಥದಲ್ಲಿ. ಶಾಊಲ್! ಅದು ಇಸ್ರಾಯೇಲಿನ ಮೊದಲ ಅರಸ ಸೌಲನ ಹೆಸರು, ಅಕ್ಷರಕ್ಕೆ ಅಕ್ಷರ. ಮುಂದೆ ಆ ಸೌಲನಿಗೆ ಪಟ್ಟ ಕಟ್ಟುವುದೂ, ಅವನನ್ನು ಬಿಟ್ಟು ದಾವೀದನನ್ನು ಅಭಿಷೇಕಿಸುವುದೂ ಇದೇ ಸಮುವೇಲ. ಇದು ಮೊದಲು ಸೌಲನ ಹುಟ್ಟಿನ ಕಥೆಯಾಗಿತ್ತು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಮುಂದೆ ಅರಸನನ್ನು ಬೇಡಿಕೊಳ್ಳುತ್ತಾರೆ, ಆ ಬೇಡಿಕೆಯ ಸದ್ದನ್ನು ಕಥೆಗಾರ ತಾಯಿಯ ಬಾಯಲ್ಲೇ ಮೊದಲು ಕೇಳಿಸಿದ್ದಾನೆ ಅಂತ ನನ್ನ ಓದು.

ಬೇಗೂರು ಕೆರೆ

ಮೇಷ್ಟ್ರೇ, ನಮ್ಮ ಊರಿನ ಕಥೆ ನೆನಪಾಯಿತು. ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು ಆಗಿ ಬೆಂಗಳೂರು ಆಯಿತು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ಸುಮಾರು 890ರ ಹೊತ್ತಿಗೇ ಬೆಂಗಳೂರಿನ ಕಾಳಗ ಅಂತ ಕೆತ್ತಿದ್ದಾರೆ. ಬಲ್ಲಾಳನಿಗಿಂತ ಎಷ್ಟೋ ಮುಂಚೆ. ಹಾಗಂತ ಆ ಅಜ್ಜಿಯ ಕಥೆಯನ್ನು ಯಾರೂ ಬಿಟ್ಟಿಲ್ಲ. ಇದೂ ಅದೇ ಥರ ತಾನೇ?

ವಾಕ್ಯದ ಹಾದಿ

ಕ್ಷಮಿಸಿ, ನನಗೆ ಈ ಮಾತು ಒಪ್ಪಿಗೆಯಿಲ್ಲ. ಊರ ಕಥೆಯನ್ನೂ ದೇವರ ವಾಕ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಮುವೇಲ ಎಂಬ ಹೆಸರು ಯಾಕೆ ಅಂತ ವಾಕ್ಯವೇ ಹೇಳಿದ ಮೇಲೆ ವ್ಯಾಕರಣ ಹಿಡಿದು ಅದನ್ನು ಸರಿ ತಪ್ಪು ಅನ್ನಲು ನಾವು ಯಾರು? ಅಕ್ಕ, ನಿಮ್ಮ ಅವ್ವನ ನಂಬಿಕೆಯೇ ಸರಿ. ಅವರ ಮನಸ್ಸು ನೋಯಿಸಬೇಡಿ.

ನಿವೃತ್ತ ಮೇಷ್ಟ್ರು

ತಮ್ಮಾ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ನಾನೂ ಆ ಪುಸ್ತಕವನ್ನು ನಂಬಿಯೇ ಓದುವವನು. ಆದರೆ ವಾಕ್ಯವನ್ನೇ ಮತ್ತೊಮ್ಮೆ ನೋಡಿ. ‘ಸಮುವೇಲ ಅಂದರೆ ಬೇಡಿ ಪಡೆದವನು ಅಂತ ಅರ್ಥ’ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಹನ್ನ ಕಾರಣ ಹೇಳುತ್ತಿದ್ದಾಳೆ, ಪದದ ಅರ್ಥವನ್ನಲ್ಲ. ತಾಯಿ ತನ್ನ ಬಾಳಿನ ಮಾತೊಂದನ್ನು ಮಗುವಿನ ಹೆಸರಿನ ಸದ್ದಿಗೆ ಜೋಡಿಸುತ್ತಾಳೆ. ಹೀಬ್ರೂ ಗ್ರಂಥದಲ್ಲಿ ಇದು ಎಲ್ಲೆಲ್ಲೂ ಇದೆ.

ಆದಿಕಾಂಡ 30 ತೆಗೆಯಿರಿ. ರಾಹೇಲಳಿಗೆ ಯೋಸೇಫ ಹುಟ್ಟುತ್ತಾನೆ. 23ನೇ ವಚನದಲ್ಲಿ ‘ದೇವರು ನನ್ನ ಅವಮಾನವನ್ನು ತೆಗೆದುಬಿಟ್ಟನು’ ಅನ್ನುತ್ತಾಳೆ. ತೆಗೆದನು ಅನ್ನುವುದಕ್ಕೆ ‘ಆಸಫ್’. ಮರು ವಚನದಲ್ಲೇ ‘ಇನ್ನೊಬ್ಬ ಮಗನನ್ನು ಕೂಡಿಸಿಕೊಡಲಿ’ ಅನ್ನುತ್ತಾಳೆ. ಕೂಡಿಸಲಿ ಅನ್ನುವುದಕ್ಕೆ ‘ಯೋಸೆಫ್’. ಒಂದು ತೆಗೆಯುವುದು, ಇನ್ನೊಂದು ಕೂಡಿಸುವುದು. ಒಂದೇ ಹೆಸರಿಗೆ ಎರಡೂ! ವ್ಯಾಕರಣಕ್ಕೆ ಎರಡನೆಯದು ಸರಿ. ಆದರೆ ಮಕ್ಕಳಿಲ್ಲದೆ ನೊಂದವಳ ಬಾಯಲ್ಲಿ ಎರಡೂ ನಿಜ.

ಮೋಶೆಯದು ಇನ್ನೂ ಚೆಂದ. ವಿಮೋಚನಕಾಂಡ 2:10ರಲ್ಲಿ ಫರೋಹನ ಮಗಳು ‘ನೀರಿನಿಂದ ಎಳೆದೆ’ ಅಂತ ಹೆಸರಿಡುತ್ತಾಳೆ. ‘ಮಾಶಾ’ ಅಂದರೆ ಎಳೆ. ಐಗುಪ್ತದ, ಅಂದರೆ ಈಜಿಪ್ಟಿನ ರಾಜಕುಮಾರಿಗೆ ಹೀಬ್ರೂ ಎಲ್ಲಿಂದ ಬಂತು ಅಂತ ಓದುಗರು ಹಿಂದಿನಿಂದಲೂ ಕೇಳಿದ್ದಾರೆ. ಐಗುಪ್ತದ ಭಾಷೆಯಲ್ಲಿ ‘ಮೋಸೆ’ ಅಂದರೆ ಹುಟ್ಟಿದವನು, ಮಗು. ಥುತ್‌ಮೋಸೆ ಅಂದರೆ ಥೋತ್ ದೇವರಿಂದ ಹುಟ್ಟಿದವನು. ರಾಮ್ಸೆಸ್ ಎಂಬ ಹೆಸರಿನಲ್ಲೂ ಅದೇ ಪದವಿದೆ. ಮೋಶೆಯ ಮನೆತನದಲ್ಲೇ ಐಗುಪ್ತದ ಹೆಸರುಗಳಿವೆ. ಅವನ ಅಣ್ಣ ಆರೋನನ ಮೊಮ್ಮಗ ಫೀನೆಹಾಸನ ಹೆಸರೂ ಅಲ್ಲಿಯದೇ, ‘ನೂಬಿಯದವನು’ ಅಂತ. ಆದರೆ ಹೀಬ್ರೂ ಕಿವಿಗೆ ‘ಮೋಶೆ’ ಅಂದರೆ ‘ಎಳೆದು ತೆಗೆಯುವವನು’. ನೀರಿನಿಂದ ಎಳೆಯಲ್ಪಟ್ಟ ಮಗು ಮುಂದೆ ಒಂದು ಜನಾಂಗವನ್ನೇ ಸಮುದ್ರದಿಂದಾಚೆಗೆ ಎಳೆದು ತರುತ್ತಾನೆ.

ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆ ಇಡೋಣ. ಈ ಪದ ಎಲ್ಲಿಂದ ಬಂತು ಅನ್ನುವುದು ಒಂದು. ಈ ಹೆಸರು ಕೂಗಿದಾಗ ಆ ತಾಯಿಗೆ ಏನು ಕೇಳಿಸಿತು ಅನ್ನುವುದು ಇನ್ನೊಂದು. ಪಟ್ಟಿಗಳು ಇವೆರಡನ್ನೂ ಕಲಸಿಬಿಡುತ್ತವೆ.

ಗೋಳಗುಮ್ಮಟದ ಹುಡುಗ

ಮೇಷ್ಟ್ರೇ, ನಾನು ಚಿಕ್ಕವನಿದ್ದಾಗ ಅರಬ್ಬಿ ಓದಿದ್ದೇನೆ. ನೀವು ಬರೆದ ಬೇರುಗಳನ್ನು ನೋಡಿ ಮೈ ಜುಮ್ಮೆಂದಿತು. ಅರಬ್ಬಿಯಲ್ಲೂ ‘ಸಅಲ’ ಅಂದರೆ ಕೇಳಿದನು. ‘ಸಮಿಅ’ ಅಂದರೆ ಕಿವಿಗೊಟ್ಟನು. ‘ಇಸ್ಮ್’ ಅಂದರೆ ಹೆಸರು. ಹೀಬ್ರೂವಿನ ಶ ನಮಗೆ ಸ ಆಗುತ್ತದೆ, ಅಷ್ಟೇ.

ಇನ್ನೊಂದು ವಿಷಯ. ‘ಸಅಲ’ದಿಂದಲೇ ‘ಸುಆಲ್’ ಬಂದದ್ದು. ಅದು ಪಾರಸಿ, ಉರ್ದು ದಾಟಿ ಕನ್ನಡಕ್ಕೆ ಬಂದು ‘ಸವಾಲು’ ಆಯಿತು. ಅಂದರೆ ನಾವು ದಿನಾ ಆಡುವ ಸವಾಲು ಎಂಬ ಪದವೂ ಸೌಲ ಅರಸನ ಹೆಸರೂ ಒಂದೇ ಬೇರಿನ ಮಕ್ಕಳು!

ಅಕ್ಕ, ‘ದೇವರು ಕಿವಿಗೊಟ್ಟನು’ ಎಂಬ ಅರ್ಥ ಬೇಕಿದ್ದರೆ ಅದಕ್ಕೆ ಸರಿಯಾದ ಹೆಸರು ಇಷ್ಮಾಯೇಲ. ನಮ್ಮಲ್ಲಿ ಇಸ್ಮಾಯಿಲ್. ಆದಿಕಾಂಡ 16ರಲ್ಲಿ ಹಾಗರಳು ಯಜಮಾನಿಯ ಕಾಟ ತಾಳದೆ ಅಡವಿಗೆ ಓಡಿಹೋಗುತ್ತಾಳೆ. ಅಲ್ಲಿ ದೇವದೂತ ಬಂದು, ದೇವರು ನಿನ್ನ ಗೋಳನ್ನು ಕೇಳಿದ್ದಾನೆ, ಮಗನಿಗೆ ಈ ಹೆಸರಿಡು ಅನ್ನುತ್ತಾನೆ. ಒಬ್ಬ ದಾಸಿಯ ಗೋಳಿಗೆ ಕಿವಿಗೊಟ್ಟ ನೆನಪು ಆ ಹೆಸರಲ್ಲಿದೆ. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರನ್ನು ಎಷ್ಟು ಸಲ ಓದಿದ್ದೇವೆ. ಅದರೊಳಗೆ ಹಾಗರಳು ಇದ್ದಾಳೆ ಅಂತ ಎಷ್ಟು ಜನ ಯೋಚಿಸಿರುತ್ತಾರೆ?

ನಮ್ಮ ಊರಲ್ಲಿ ಇಬ್ರಾಹಿಂ ರೋಜಾ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಸಮಾಧಿ. ಅದೂ ಅಬ್ರಹಾಮನ ಹೆಸರೇ. ನಮ್ಮ ಗಲ್ಲಿಯಲ್ಲೇ ಯಾಕೂಬ್, ಯೂಸುಫ್, ಮೂಸಾ, ಹಾರೂನ್, ದಾವೂದ್, ಸುಲೈಮಾನ್ ಇದ್ದಾರೆ. ನಿಮ್ಮ ಯಾಕೋಬ, ಯೋಸೇಫ, ಮೋಶೆ, ಆರೋನ, ದಾವೀದ, ಸೊಲೊಮೋನರೇ ಅವರು.

ನಿವೃತ್ತ ಮೇಷ್ಟ್ರು

ತಮ್ಮಾ, ಸವಾಲಿನ ಮಾತು ಹೇಳಿ ನನಗೆ ಹಬ್ಬ ಮಾಡಿದಿರಿ! ಇಷ್ಟು ವರ್ಷ ಕನ್ನಡ ಪಾಠ ಮಾಡಿದೆ, ಈ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಹಾಗಾದರೆ ಕನ್ನಡಕ್ಕೆ ಬಂದ ಅರಬ್ಬಿ ಪದಗಳನ್ನು ಹಿಡಿದು ಹೊರಡೋಣ. ‘ಹಿಸಾಬು’ ಇದೆಯಲ್ಲ, ಲೆಕ್ಕ? ಹೀಬ್ರೂವಿನಲ್ಲಿ ‘ಹಾಷಬ್’ ಅಂದರೆ ಎಣಿಸಿದನು, ಗಮನಕ್ಕೆ ತಂದುಕೊಂಡನು. ಹಷಬ್ಯ ಎಂಬ ಹೆಸರು ಎಜ್ರನ ಪುಸ್ತಕದಲ್ಲಿ ಬರುತ್ತದೆ. ಯೆಹೋವನು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡನು ಅಂತ ಅದರ ಅರ್ಥ. ‘ಮಾಲೀಕ’ನ ಬೇರಿನಲ್ಲಿ ಹೀಬ್ರೂವಿನ ‘ಮೆಲೆಕ್’ ಇದೆ. ಮೆಲೆಕ್ ಅಂದರೆ ಅರಸ. ರೂತಳ ಮಾವ ಎಲೀಮೆಲೆಕ, ಅಂದರೆ ‘ನನ್ನ ದೇವರೇ ಅರಸ’. ‘ಸಲಾಂ’ ಮತ್ತು ‘ಶಾಲೋಮ್’ ಗೊತ್ತೇ ಇದೆ. ಸೊಲೊಮೋನನ ಹೀಬ್ರೂ ಹೆಸರು ಶ್ಲೋಮೋ ಬಂದದ್ದು ಆ ಕಡೆಯಿಂದ. ‘ರಹೀಮ್’ ಎಂಬ ಹೆಸರಿನ ಬೇರನ್ನು ಹೋಶೇಯನ ಪುಸ್ತಕದಲ್ಲಿ ನೋಡಿ. ಅಲ್ಲಿ ಪ್ರವಾದಿ ಮಗಳಿಗೆ ‘ಲೋ ರುಹಾಮ’ ಅಂತ ಹೆಸರಿಡಬೇಕಾಗುತ್ತದೆ. ಕರುಣೆ ಸಿಗದವಳು ಅಂತ. ಮಗನಿಗೆ ‘ಲೋ ಅಮ್ಮಿ’, ನನ್ನ ಜನವಲ್ಲ. ಆ ಮಕ್ಕಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಎರಡನೇ ಅಧ್ಯಾಯದ ಶುರುವಿನಲ್ಲೇ ‘ಲೋ’ ಎಂಬ ‘ಅಲ್ಲ’ ಕಳಚಿಬೀಳುತ್ತದೆ. ‘ರುಹಾಮ’, ‘ಅಮ್ಮಿ’ ಮಾತ್ರ ಉಳಿಯುತ್ತವೆ.

ಕಡಲ ತಡಿಯವಳು

ನಾನು ಮಂಗಳೂರಿನವಳು. ನಮ್ಮ ಕೊಂಕಣಿ ಮನೆಗಳಲ್ಲಿ ಯೋಸೇಫ ‘ಜುಜೆ’ ಆಗಿದ್ದಾನೆ, ಯೋಹಾನ ‘ಜುವಾಂವ್’ ಆಗಿದ್ದಾನೆ. ಪೋರ್ಚುಗೀಸರ ಬಾಯಿಂದ ಬಂದ ರೂಪಗಳು. ಕನ್ನಡ ಬೈಬಲಿನಲ್ಲಿ ಯಾಕೋಬ, ಆಧಾರ್ ಕಾರ್ಡಿನಲ್ಲಿ ಜೇಕಬ್. ಲ್ಯಾಟಿನ್‌ನಲ್ಲಿ ‘ಯ’ ಅಂತ ಓದುತ್ತಿದ್ದ ಅಕ್ಷರವನ್ನು ಮುಂದೆ ಇಂಗ್ಲಿಷಿನವರು ‘ಜ’ ಅಂತ ಓದಿದ್ದರಿಂದ ಹೀಗಾಯಿತು. ಈ ವಿಷಯದಲ್ಲಿ ಕನ್ನಡ ಬೈಬಲು ಇಂಗ್ಲಿಷಿಗಿಂತ ಹೀಬ್ರೂವಿಗೆ ಹತ್ತಿರ. ಜೇಮ್ಸ್ ಕೂಡ ಯಾಕೋಬನೇ.

ನಾನು ಹೇಳಬೇಕೆಂದಿದ್ದು ಬೇರೆ. ಇಲ್ಲಿ ಯಾರಿಗಾದರೂ ಆಶು ಗೊತ್ತಾ?

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಟುನೀಶಿಯದಿಂದ ಯೆಮೆನಿನ ಏಡನ್‌ಗೆ, ಅಲ್ಲಿಂದ ನಮ್ಮ ಕರಾವಳಿಗೆ ಬಂದವನು. ಅವನ ಕಾಗದಪತ್ರಗಳು ಹಳೇ ಕೈರೋದ ಬೆನ್ ಎಜ್ರ ಸಿನಗಾಗಿನಲ್ಲಿ (ಯೆಹೂದಿಗಳ ಪ್ರಾರ್ಥನಾ ಮಂದಿರ) ಸಿಕ್ಕವು. ಯೆಹೂದಿಗಳು ದೇವರ ಹೆಸರಿರುವ ಕಾಗದವನ್ನು ಎಸೆಯುವುದಿಲ್ಲ. ಗೆನಿಜಾ ಎಂಬ ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ಹಾಗೆ ಉಳಿದ ಪತ್ರಗಳಲ್ಲಿ ಒಂದು 1132ರ ಅಕ್ಟೋಬರ್ 17ರದು. ಮಂಗಳೂರಿನಲ್ಲೇ ಬರೆದದ್ದು. ಆಶು ಎಂಬ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ ಅದು. ಅವಳು ಈ ಕಡೆಯವಳೇ. ಅವಳ ಹೊಸ ಹೆಸರು ಬೆರಾಖಾ. ಮುಂದೆ ಅವನ ಮಕ್ಕಳಿಗೆ ಅವಳೇ ತಾಯಿ ಅಂತ ವಿದ್ವಾಂಸರು ಬರೆದಿದ್ದಾರೆ.

ಬೆರಾಖಾ ಅಂದರೆ ಆಶೀರ್ವಾದ. ಗೋಳಗುಮ್ಮಟದ ತಮ್ಮನ ದಾರಿಯಲ್ಲೇ ಹೋದರೆ ಅದು ನಮ್ಮ ‘ಬರಕತ್ತು’. ಯೆಹೂದಿ ಧರ್ಮಕ್ಕೆ ಹೊಸದಾಗಿ ಸೇರಿದವರನ್ನು ‘ಅಬ್ರಹಾಮನ ಮಗಳು’, ‘ಅಬ್ರಹಾಮನ ಮಗ’ ಅಂತ ಕರೆಯುವ ರೂಢಿ ಇದೆ. ಆದಿಕಾಂಡ 12ರಲ್ಲಿ ದೇವರು ಅಬ್ರಹಾಮನಿಗೆ ಹೇಳುವ ಮಾತು ‘ನೀನು ಆಶೀರ್ವಾದವಾಗಿರು’. ಅಲ್ಲಿರುವ ಪದವೂ ಬೆರಾಖಾ. ಬಂದರಿನ ಕಡೆ ಹೋದಾಗೆಲ್ಲ ನನಗೆ ಅವಳ ನೆನಪಾಗುತ್ತದೆ. ಆಶು ಎಂಬ ಹೆಸರಿಗೆ ಅವಳ ಅಮ್ಮ ಏನು ಅರ್ಥ ಇಟ್ಟುಕೊಂಡಿದ್ದಳೋ. ಅದನ್ನು ಯಾರೂ ಬರೆದಿಡಲಿಲ್ಲ.

ಪುಣೆ ಕನ್ನಡಿಗ

ಅಕ್ಕ, ಎಂಥ ವಿಷಯ ಬರೆದಿರಿ. ಇದಕ್ಕೆ ನಮ್ಮ ಕಡೆಯದೊಂದು ಸೇರಿಸುತ್ತೇನೆ. ಕೊಂಕಣದ ಬೆನೆ ಇಸ್ರೇಲರು ಮರಾಠಿ ಮಾತಾಡುವ ಯೆಹೂದಿಗಳು. ಅವರ ಹಳೆಯ ಹೆಸರುಗಳಲ್ಲಿ ಸಮುವೇಲ ‘ಸಾಮಾಜಿ’ ಆಗಿದ್ದಾನೆ, ಯೆಹೆಜ್ಕೇಲ ‘ಹಸಾಜಿ’ ಆಗಿದ್ದಾನೆ. ಅಡ್ಡಹೆಸರು ಊರಿನಿಂದ ಬರುತ್ತದೆ, ದಿವೇ ಊರಿನವರು ದಿವೇಕರ್. ಸಾಮಾಜಿ ಹಸಾಜಿ ದಿವೇಕರ್ ಎಂಬವರು ಬ್ರಿಟಿಷರ ಸೈನ್ಯದಲ್ಲಿದ್ದು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದ್ದರು. ಬೆನೆ ಇಸ್ರೇಲರು ಅಂತ ತಿಳಿದು ಟಿಪ್ಪುವಿನ ತಾಯಿ ಬಿಡಿಸಿದರು ಅಂತ ಆ ಸಮುದಾಯದ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬದುಕಿ ಬಂದ ಅವರು 1796ರಲ್ಲಿ ಮುಂಬೈಯಲ್ಲಿ ಆ ಊರಿನ ಮೊದಲ ಸಿನಗಾಗ್ ಕಟ್ಟಿಸಿದರು. ಅದರ ಹೆಸರು ‘ಶಾರ್ ಹಾರಹಮೀಮ್’, ಕರುಣೆಯ ಬಾಗಿಲು. ಮೇಷ್ಟ್ರು ಹೇಳಿದ ರಹೀಮ್ ಬೇರು ಇಲ್ಲೂ ಬಂತು. ಅದನ್ನು ಕಟ್ಟಿಸಿದವರೂ ಸಮುವೇಲರೇ.

ಹಾಸನದ ಸೊಸೆ

ನನಗೊಂದು ಸಂಶಯ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಮಗುವನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪ, ಗುಂಡ, ಕಲ್ಲ ಅಂತ ಹೆಸರಿಡುತ್ತಿದ್ದರು. ಸಾವಿಗೆ ಈ ಮಗು ಬೇಡ ಅನ್ನಿಸಲಿ ಅಂತ. ನಮ್ಮ ದೊಡ್ಡತ್ತೆಯ ಹೆಸರು ಸಾಕಮ್ಮ. ಅವರು ಐದನೇ ಹೆಣ್ಣು. ‘ಇನ್ನು ಸಾಕು’ ಅಂತ ಇಟ್ಟ ಹೆಸರು. ಅವರು ಅದನ್ನು ಹೇಳುವಾಗ ನಗುತ್ತಿದ್ದರು, ಆದರೆ ಕಣ್ಣು ನಗುತ್ತಿರಲಿಲ್ಲ. ಹೀಬ್ರೂವಿನಲ್ಲೂ ಇಂಥ ಹೆಸರುಗಳಿವೆಯಾ? ರೂತಳ ಕಥೆಯಲ್ಲಿ ಮಹ್ಲೋನ, ಕಿಲ್ಯೋನ ಅಂದರೆ ರೋಗ, ಕ್ಷಯ ಅಂತ ಯಾರೋ ಹೇಳಿದ್ದರು. ಅಂಥ ಹೆಸರನ್ನು ಯಾವ ತಾಯಿ ಇಡುತ್ತಾಳೆ? ಆದಾಮ ಹವ್ವರ ಎರಡನೇ ಮಗ ಹೇಬೆಲನ ಹೆಸರಿನ ಅರ್ಥವೂ ಗೊತ್ತಾಗಲಿಲ್ಲ.

ನಿವೃತ್ತ ಮೇಷ್ಟ್ರು

ತಂಗೀ, ಮಹ್ಲೋನ, ಕಿಲ್ಯೋನ ಇಬ್ಬರೂ ಕಥೆಯ ಐದನೇ ವಚನಕ್ಕೇ ಸತ್ತುಹೋಗುತ್ತಾರೆ. ಆ ಹೆಸರುಗಳನ್ನು ಕೇಳಿದ ಕೂಡಲೇ ಹೀಬ್ರೂ ಕಿವಿಗೆ ಎದೆ ಝಲ್ಲೆನ್ನುತ್ತದೆ. ಕಥೆಗಾರ ಬೇಕೆಂದೇ ಆರಿಸಿದ್ದಾನೆ ಅಂತ ತುಂಬ ಜನ ಓದುತ್ತಾರೆ.

ಹೇಬೆಲನ ಬಗ್ಗೆ ಒಳ್ಳೆ ಪ್ರಶ್ನೆ. ಕಾಯಿನ ಹುಟ್ಟಿದಾಗ ಹವ್ವ ‘ಪಡೆದೆ’ ಅನ್ನುತ್ತಾಳೆ. ಹೀಬ್ರೂವಿನಲ್ಲಿ ಅದು ‘ಕಾನೀತಿ’, ಕಾಯಿನ್ ಎಂಬ ಹೆಸರಿಗೆ ಹೊಂದುವ ಸದ್ದು. ತಮ್ಮ ಹುಟ್ಟಿದಾಗ ಏನೂ ಹೇಳುವುದಿಲ್ಲ. ಕಾರಣವೇ ಇಲ್ಲದ ಹೆಸರು. ‘ಹೆವೆಲ್’ ಅಂದರೆ ಉಸಿರು, ಹಬೆ. ಚಳಿಗಾಲದ ಬೆಳಿಗ್ಗೆ ಬಾಯಿಂದ ಬಂದು ಮಾಯವಾಗುತ್ತದಲ್ಲ, ಅದು. ಪ್ರಸಂಗಿಯ ಪುಸ್ತಕದಲ್ಲಿ ಕನ್ನಡದವರು ‘ವ್ಯರ್ಥ’ ಅಂತ ಅನುವಾದ ಮಾಡಿದ ಪದವೂ ಇದೇ. ಹೇಬೆಲನಿಗೆ ಕಥೆಯಲ್ಲಿ ಒಂದು ಮಾತೂ ಇಲ್ಲ. ಸತ್ತ ಮೇಲೆ ಅವನ ರಕ್ತ ಮಾತ್ರ ಕೂಗುತ್ತದೆ.

ಪ್ರಾಣಿಗಳ ಹೆಸರು ಬೇಕಾದಷ್ಟಿವೆ. ರಾಹೇಲ ಅಂದರೆ ಹೆಣ್ಣು ಕುರಿ, ದೆಬೋರ ಜೇನುನೊಣ, ಯೋನ ಪಾರಿವಾಳ, ಚಿಪ್ಪೋರ ಹಕ್ಕಿ, ಯಾಯೇಲ ಕಾಡುಮೇಕೆ. ತಾಮಾರ ಖರ್ಜೂರದ ಮರ. ಕಾಲೇಬನ ಹೆಸರಿನಲ್ಲಿ ನಾಯಿ ಎಂಬ ಪದ ಕೇಳಿಸುತ್ತದೆ. ಶಾಫಾನ ಅಂದರೆ ಬಂಡೆಗಳ ನಡುವೆ ಇರುವ ಮೊಲದಂಥ ಸಣ್ಣ ಪ್ರಾಣಿ.

ಈ ಶಾಫಾನನ ಮಗ ಗೆಮರ್ಯ. ಯೆರೆಮೀಯ 36ರಲ್ಲಿ ಅವನು ಬರುತ್ತಾನೆ. 1982ರಲ್ಲಿ ಯೆರೂಸಲೇಮಿನ ದಾವೀದನ ಪಟ್ಟಣದಲ್ಲಿ ಪುರಾತತ್ವಜ್ಞ ಯಿಗಾಲ್ ಶಿಲೋ ಅಗೆಸುವಾಗ ಮಣ್ಣಿನ ಮುದ್ರೆಗಳು ಸಿಕ್ಕವು. ಉಗುರಿನಷ್ಟು ಚಿಕ್ಕವು. ಒಂದರ ಮೇಲೆ ‘ಶಾಫಾನನ ಮಗ ಗೆಮರ್ಯಾಹು’ ಅಂತಿತ್ತು! ಕ್ರಿಸ್ತಪೂರ್ವ 586ರಲ್ಲಿ ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು, ಊರು ಸುಟ್ಟರು. ಪತ್ರಗಳು ಬೂದಿಯಾದವು. ಅವುಗಳಿಗೆ ಅಂಟಿಸಿದ್ದ ಹಸಿ ಮಣ್ಣು ಬೆಂದು ಗಟ್ಟಿಯಾಗಿ ಉಳಿಯಿತು. ಅಪ್ಪನದು ಪ್ರಾಣಿಯ ಹೆಸರು, ಮಗನದು ‘ಯೆಹೋವನು ಪೂರೈಸಿದನು’. ಆ ಕಾಲದ ಯೆಹೂದದಲ್ಲಿ ‘ಯಾಹು’ ಅಂತ ಮುಗಿಯುವ ಹೆಸರುಗಳು ಮನೆಮಾತಾಗಿದ್ದವು. ಯಾಹು ಅಂದರೆ ಯೆಹೋವ ಎಂಬ ಹೆಸರಿನ ಮೊಟಕು ರೂಪ. ಯೆಶಾಯ, ಯೆರೆಮೀಯ, ಹಿಜ್ಕೀಯ ಎಲ್ಲ ಮೂಲದಲ್ಲಿ ‘ಯಾಹು’ಗಳೇ.

ಓದುವ ಹುಚ್ಚು

ಮೇಷ್ಟ್ರು ಯಾಹು ಅಂದಿದ್ದಕ್ಕೆ ಬಾಳನ ಮಾತು ಎತ್ತುತ್ತೇನೆ. ಸೌಲನ ಒಬ್ಬ ಮಗ ಈಷ್ಬೋಶೆತ. ಬೋಶೆತ್ ಅಂದರೆ ನಾಚಿಕೆ. ‘ನಾಚಿಕೆಯ ಮನುಷ್ಯ’ ಅಂತ ಯಾವ ಅರಸ ಮಗನಿಗೆ ಹೆಸರಿಡುತ್ತಾನೆ? 1 ಪೂರ್ವಕಾಲವೃತ್ತಾಂತ 8:33 ನೋಡಿದರೆ ಅದೇ ಮಗನ ಹೆಸರು ಎಷ್ಬಾಳ. ಸೌಲನ ಇನ್ನೊಬ್ಬ ಮಗ ಯೋನಾತಾನನ ಕುಂಟ ಮಗ ಮೆಫೀಬೋಶೆತನೂ ಅಲ್ಲಿ ಮೆರೀಬ್ಬಾಳ. ಅಂದರೆ ಮೂಲದಲ್ಲಿದ್ದ ‘ಬಾಳ್’ ತೆಗೆದು ಮುಂದಿನ ಕಾಲದವರು ‘ನಾಚಿಕೆ’ ಅಂತ ಬರೆದಿದ್ದಾರೆ.

ಬಾಳ್ ಅಂದರೆ ಒಡೆಯ, ಯಜಮಾನ, ಗಂಡ. ಕಾನಾನಿನ ದೇವರ ಹೆಸರೂ ಹೌದು. ದಾವೀದನ ಪಡೆಯಲ್ಲಿ ಒಬ್ಬನ ಹೆಸರೇ ‘ಯೆಹೋವನೇ ಬಾಳ್’ ಅನ್ನುವ ಅರ್ಥದ್ದು. ಹಾಗಾಗಿ ಮೊದಮೊದಲು ಈ ಪದವನ್ನು ಯೆಹೋವನಿಗೂ ಬಳಸುತ್ತಿದ್ದರು ಅನ್ನಿಸುತ್ತದೆ. ಆಮೇಲೆ ಅದು ಸಹಿಸದ ಪದವಾಯಿತು. ಹೋಶೇಯ 2:16ರಲ್ಲಿ ‘ಇನ್ನು ನನ್ನನ್ನು ಬಾಳ್ ಅನ್ನಬೇಡ, ನನ್ನ ಪತಿ ಅನ್ನು’ ಎಂಬ ಮಾತೇ ಬರುತ್ತದೆ.

ಇಸ್ರೇಲಿನ ಖಿರ್ಬೆತ್ ಕೆಯಾಫದಲ್ಲಿ ಸಿಕ್ಕ ಒಂದು ಜಾಡಿಯ ಮೇಲೆ ‘ಎಷ್ಬಾಳ’ ಎಂಬ ಹೆಸರು ಕೆತ್ತಿರುವುದನ್ನು 2015ರಲ್ಲಿ ಪ್ರಕಟಿಸಿದರು. ಸುಮಾರು 3000 ವರ್ಷದ ಹಿಂದಿನದು. ಸೌಲನ ಮಗನಲ್ಲ, ಬೇರೆ ಯಾರೋ. ಆದರೆ ಆ ಹೆಸರನ್ನು ಜನ ನಾಚಿಕೆಯಿಲ್ಲದೆ ಇಟ್ಟುಕೊಳ್ಳುತ್ತಿದ್ದರು ಅನ್ನುವುದಕ್ಕೆ ಅದು ಸಾಕ್ಷಿ.

ವಾಕ್ಯದ ಹಾದಿ

ಎಲ್ಲವನ್ನೂ ಓದಿದೆ. ಮೇಷ್ಟ್ರೇ, ಮೊನ್ನೆ ನಾನು ಗಡಸಾಗಿ ಬರೆದೆ. ಯೋಸೇಫನ ಎರಡು ವಚನಗಳನ್ನು ತೆಗೆದು ನೋಡಿದೆ, ನೀವು ಹೇಳಿದ ಹಾಗೇ ಇದೆ. ಇಷ್ಟು ಸಲ ಓದಿದ್ದರೂ ಗಮನಿಸಿರಲಿಲ್ಲ.

ನಾನೂ ಒಂದು ಸೇರಿಸುತ್ತೇನೆ. ರೂತಳ ಅತ್ತೆ ನೊವೊಮಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಮರಳಿದಾಗ, ‘ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ’ ಅನ್ನುತ್ತಾಳೆ. ನೊವೊಮಿ ಅಂದರೆ ಹಿತವಾದವಳು, ಮಾರಾ ಅಂದರೆ ಕಹಿ. ಆದರೆ ಪುಸ್ತಕದಲ್ಲಿ ಯಾರೂ ಅವಳನ್ನು ಮಾರಾ ಅನ್ನುವುದಿಲ್ಲ. ಕಥೆ ಮುಗಿಯುವವರೆಗೂ ಅವಳು ನೊವೊಮಿಯೇ. ಕೊನೆಗೆ ಮೊಮ್ಮಗ ಹುಟ್ಟಿದಾಗ ಓಬೇದ ಅಂತ ಹೆಸರಿಟ್ಟವರು ತಂದೆ ತಾಯಿ ಅಲ್ಲ, ನೆರೆಹೊರೆಯ ಹೆಂಗಸರು. ರೂತಳ ಪುಸ್ತಕ 4:17.

ಹುಬ್ಬಳ್ಳಿ ಅಕ್ಕ

ತಡವಾಗಿ ಬರೆಯುತ್ತಿದ್ದೇನೆ, ಬಾಣಂತನದ ಓಡಾಟ. ನೀವೆಲ್ಲ ಬರೆದದ್ದನ್ನು ದಿನಾ ರಾತ್ರಿ ಅವ್ವನಿಗೆ ಓದಿ ಹೇಳಿದೆ. ಆಶುವಿನ ವಿಷಯವನ್ನು ಎರಡು ಸಲ ಓದಿಸಿಕೊಂಡಳು. ಸಾಕಮ್ಮನವರ ಬಗ್ಗೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮೊನ್ನೆ ಭಾನುವಾರ ಹೆಸರಿಟ್ಟೆವು. ಸಮುವೇಲ. ಮೇಷ್ಟ್ರು ಹೇಳಿದ ಮೇಮ್, ಆಯಿನ್ ಎಲ್ಲ ತಂಗಿಯ ಗಂಡ ಬಂದವರಿಗೆ ಬಿಡಿಸಿ ಹೇಳುತ್ತಿದ್ದರು. ನಮ್ಮ ಸೋದರಮಾವ, “ಅದಿರಲಿ, ಬೇಡಿದ್ದು ಅಂತಲೋ ಕಿವಿಗೊಟ್ಟಿದ್ದು ಅಂತಲೋ, ಒಂದು ಹೇಳ್ರಿ” ಅಂದರು. ಅವ್ವ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. “ನಾ ಕೇಳಿದೆ, ದೇವರು ಕೇಳಿದ. ಕನ್ನಡದಾಗ ಎರಡೂ ಒಂದ ಮಾತು” ಅಂದಳು.

ಜನನ ಪ್ರಮಾಣಪತ್ರದಲ್ಲಿ ಕನ್ನಡದಲ್ಲಿ ‘ಸಮುವೇಲ’ ಅಂತಲೇ ಬರೆಸಿದ್ದೇವೆ. ತಂಗಿಯ ನಾದಿನಿಗೂ ಈಗ ದಿನ ತುಂಬಿದೆ. ಹೆಣ್ಣಾದರೆ ದೆಬೋರ ಅನ್ನಬೇಕು ಅಂತ ಅವರ ಆಸೆ. ಜೇನುನೊಣ ಅಂತ ಅರ್ಥ ಹೇಳಿದೆ. ಅವರಿಗೆ ಇನ್ನೂ ಜಾಸ್ತಿ ಇಷ್ಟವಾಯಿತು.